ಗೋಡೆ ಕೆಡಹುವ ಮದ್ದು, ಗೋಡೆಯಿಲ್ಲದ ರೋಗ



ಅಡಿಕೆ ಮತ್ತು ಕಾಫಿ ಬೆಳೆಗಾರರ ಪತ್ರಿಕೆಗೆ ದೂಧಗಂಗೆಯ ದಂಡೆಯವರು ಬರೆಯುವಂಥದ್ದೇನಿದೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಸೀಮೆಯಲ್ಲಿ ಕಬ್ಬುಂಟು, ತಂಬಾಕುಂಟು, ಎಮ್ಮೆಯ ಹೈನುಂಟು. ಅಡಿಕೆ ತೋಟವಿಲ್ಲ, ಕಾಫಿ ಗಿಡವನ್ನಂತೂ ಚಿತ್ರದಲ್ಲಿ ಕಂಡವರೇ ಹೆಚ್ಚು. ಆದರೆ ನಮ್ಮ ಅಕ್ಕನನ್ನು ಮಲೆನಾಡಿನ ಒಂದು ತೋಟದ ಮನೆಗೆ ಕೊಟ್ಟಿದೆ. ಅಲ್ಲಿಯ ಭಾವನವರು ಈ ಪತ್ರಿಕೆಯ ಹಳೆಯ ಓದುಗರು. ಅವರಿಗೆ ಬಂದ ಒಂದು ಜ್ವರ ಮತ್ತು ಆ ಜ್ವರಕ್ಕೆ ನಾವು ಮಾಡಿದ ಒಂದು ತಪ್ಪು, ಇವೆರಡೇ ಈ ಪಾಠಕ್ಕೆ ಕಾರಣ.

2019ರ ಮಹಾಪೂರದಲ್ಲಿ ನಮ್ಮ ಭಾಗದ ನದಿಗಳೆಲ್ಲ ದಂಡೆ ಮೀರಿದ್ದು ನಿಮಗೆ ನೆನಪಿರಬಹುದು. ನೀರು ಇಳಿದು, ಮನೆಗೋಡೆ ಒಣಗಿ, ದೀಪಾವಳಿ ಕಳೆದ ಮೇಲೆ ಭಾವನವರು ನಮ್ಮನ್ನು ನೋಡಿಕೊಂಡು ಹೋಗಲು ಬಂದರು. ಬಂದ ಮೂರನೆಯ ದಿನವೇ ಚಳಿ, ಜ್ವರ, ತಲೆ ಸಿಡಿಯುವಂಥ ನೋವು. ನಾವು ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು. ಎಲ್ಲ ಬಲ್ಲೆವೆಂಬ ಧೈರ್ಯ. ಹಿಂದೆ ಯಾರದೋ ಗಂಟಲು ಬೇನೆಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆಗಳು ಡಬ್ಬಿಯಲ್ಲಿದ್ದವು. ‘ಇದೂ ಆಂಟಿಬಯಾಟಿಕ್ಕೇ ಅಲ್ಲವೇ’ ಎಂದು ಕೊಟ್ಟೆವು. ನಾಲ್ಕು ದಿನ ಕೊಟ್ಟೆವು. ಜ್ವರ ಇಳಿಯಲಿಲ್ಲ. ಐದನೆಯ ದಿನ ಉಸಿರಾಟ ಬಿರುಸಾಯಿತು, ಮಾತು ತಡವರಿಸಿತು. ಆಗ ಗಾಬರಿಯಿಂದ ಗಾಡಿ ಮಾಡಿಕೊಂಡು ದೊಡ್ಡ ದವಾಖಾನೆಗೆ ಓಡಿದೆವು.

ಅಲ್ಲಿಯ ಡಾಕ್ಟರ ಸಾಹೇಬರು ಮೊದಲು ಕೇಳಿದ್ದು, ಇವರ ಊರು ಯಾವುದು, ಕಸುಬು ಏನು ಎಂದು. ತೋಟದವರು ಎಂದೊಡನೆ ಅಂಗಿ ಬಿಚ್ಚಿಸಿ, ಕಂಕುಳು, ಸೊಂಟ, ತೊಡೆಯ ಸಂದುಗಳನ್ನೆಲ್ಲ ದೀಪ ಹಿಡಿದು ನೋಡಿದರು. ಉಡಿದಾರದ ಕೆಳಗೆ ಒಂದು ಕಪ್ಪು ಹಕ್ಕಳೆ ಸಿಕ್ಕಿತು. ನಿಪ್ಪಾಣಿ ಕಡೆಯವರಿಗೆ ಹೇಳುವುದಾದರೆ, ಬೀಡಿಯ ಬೆಂಕಿ ತಾಗಿ ಸುಟ್ಟಂಥ ಗುರುತು. ನೋವಿಲ್ಲ, ತುರಿಕೆಯಿಲ್ಲ, ಆದ್ದರಿಂದ ಭಾವನವರಿಗೇ ಅದು ಗೊತ್ತಿರಲಿಲ್ಲ. ಅದು ಸ್ಕ್ರಬ್ ಟೈಫಸ್ ಜ್ವರದ ಗುರುತು. ಸಾಹೇಬರು ಡಾಕ್ಸಿಸೈಕ್ಲಿನ್ ಪ್ರಾರಂಭಿಸಿದರು. ಎರಡು ದಿನಗಳಲ್ಲಿ ಜ್ವರ ಇಳಿಯಿತು.

ಡಬ್ಬಿಯ ಗುಳಿಗೆಯ ಸಂಗತಿಯನ್ನು ನಾವು ಅಳುಕುತ್ತ ಹೇಳಿದಾಗ ಅವರು ಸಿಟ್ಟಾಗಲಿಲ್ಲ. “ಮಾಸ್ತರ, ಗುಳಿಗಿ ಖೊಟ್ಟಿ ಅಲ್ರೀ. ಆದ್ರ ಅದು ಗ್ವಾಡಿ ಕೆಡವೋ ಔಷಧ. ಈ ರೋಗಕ್ಕ ಗ್ವಾಡಿನ ಇಲ್ಲ. ಇಲ್ಲದ ಗ್ವಾಡಿ ಕೆಡವ್ಲಿಕ್ಕೆ ನಾಕ ದಿನ ಆಳು ಹಚ್ಚೀರಿ, ಅಷ್ಟ,” ಎಂದರು.

ಆ ಮಾತಿನ ಅರ್ಥವನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ. ಯಾವ ಗುಳಿಗೆ ನುಂಗಬೇಕೆಂದು ಹೇಳಿಕೊಡುವ ಲೇಖನ ಇದಲ್ಲ. ಆ ಕೆಲಸ ವೈದ್ಯರದು. ಒಂದು ಗುಳಿಗೆ ಒಂದು ರೋಗಕ್ಕೆ ಏಕೆ ತಾಗುತ್ತದೆ, ಇನ್ನೊಂದಕ್ಕೆ ಏಕೆ ತಾಗುವುದಿಲ್ಲ ಎಂಬುದನ್ನು ತಿಳಿದವನು ಡಬ್ಬಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸುತ್ತಾನೆ. ನಾವು ಯೋಚಿಸಲಿಲ್ಲ.

1. ತೋಟದಿಂದಲೇ ಪ್ರಾರಂಭಿಸೋಣ

ನಿಮ್ಮ ತೋಟದ ರೋಗಗಳನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಅಡಿಕೆಯ ಗೊನೆ ಕೊಳೆಯಿಸುವ ಕೊಳೆರೋಗ ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಜೀವಿಯಿಂದ ಬರುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 20ನೆಯ ಶತಮಾನದ ಆರಂಭದಲ್ಲಿ ಅದನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿದರು. ಮೈಲುತುತ್ತ ಮತ್ತು ಸುಣ್ಣದ ಆ ದ್ರಾವಣ ಇಂದಿಗೂ ನಿಮ್ಮ ಕೈಬಿಟ್ಟಿಲ್ಲ. ಕಾಫಿಯ ಎಲೆ ತುಕ್ಕುರೋಗವಂತೂ ಶಿಲೀಂಧ್ರದ್ದೇ.

ಬಯಲುಸೀಮೆಯ ಎಳೆಯ ಅಡಿಕೆ ಸಸಿಗಳ ಎಲೆಯಲ್ಲಿ ನರಗಳ ಗುಂಟ ನೀರು ತುಂಬಿದಂಥ ಕಡುಹಸಿರು ಪಟ್ಟೆಗಳು ಮೂಡಿ, ಎಲೆಯಡಿಯಲ್ಲಿ ಅಂಟು ಜಿನುಗುವುದುಂಟು. ಇದು ಜ್ಯಾಂತೋಮೊನಾಸ್ ಎಂಬ ಬ್ಯಾಕ್ಟೀರಿಯದಿಂದ ಬರುವ ಎಲೆಪಟ್ಟೆ ರೋಗ. ಸುಳ್ಯ, ಕೊಪ್ಪ, ಶೃಂಗೇರಿಯ ಭಾಗಗಳಲ್ಲಿ ತೋಟಗಳನ್ನೇ ಬರಿದು ಮಾಡಿದ ಹಳದಿ ಎಲೆ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಇನ್ನೊಂದು ಬಗೆಯ ಸೂಕ್ಷ್ಮಜೀವಿ ಕಾರಣ. ಅದೂ ಬ್ಯಾಕ್ಟೀರಿಯದ ಕುಲದ್ದೇ, ಆದರೆ ಅದರ ಜೀವಕೋಶಕ್ಕೆ ಹೊರಗೋಡೆಯೇ ಇಲ್ಲ.

ಮೂರೂ ಕಡೆ ಎಲೆ ಕೆಡುತ್ತದೆ, ಫಸಲು ಇಳಿಯುತ್ತದೆ. ಹಾಗೆಂದು ಮೂರಕ್ಕೂ ಒಂದೇ ಮದ್ದು ಎಂದರೆ ನೀವು ನಗುವಿರಿ. ಮನುಷ್ಯನ ಜ್ವರದ ವಿಷಯದಲ್ಲಿ ಮಾತ್ರ ನಾವೆಲ್ಲರೂ ಆ ನಗುವನ್ನು ಮರೆಯುತ್ತೇವೆ. ಮನುಷ್ಯನ ರೋಗಗಳಿಗೂ ಶಿಲೀಂಧ್ರ, ಬ್ಯಾಕ್ಟೀರಿಯ, ವೈರಸ್ ಎಂಬ ಬೇರೆ ಬೇರೆ ಕಾರಣಗಳುಂಟು. ನಾವು ಆಂಟಿಬಯಾಟಿಕ್ ಅಥವಾ ಪ್ರತಿಜೀವಕ ಎನ್ನುವ ಔಷಧಿಗಳು ಬ್ಯಾಕ್ಟೀರಿಯದ ಮೇಲೆ ಮಾತ್ರ ಕೆಲಸ ಮಾಡುತ್ತವೆ. ವೈರಸ್ಸಿಗೆ ತನ್ನದೆಂಬ ಗೋಡೆಯಿಲ್ಲ, ಅಡಿಗೆಮನೆಯಿಲ್ಲ. ನಮ್ಮದೇ ಜೀವಕೋಶದೊಳಗೆ ಹೊಕ್ಕು ನಮ್ಮ ಒಲೆಯಲ್ಲೇ ಅದು ಬೇಯಿಸಿಕೊಳ್ಳುತ್ತದೆ. ಆದುದರಿಂದ ನೆಗಡಿ, ಡೆಂಗೆ, ಮಂಗನ ಕಾಯಿಲೆ ಇವುಗಳಿಗೆ ಯಾವ ಆಂಟಿಬಯಾಟಿಕ್ಕೂ ತಾಗದು.

2. ಮಣ್ಣಿನಿಂದ ಬಂದ ಮದ್ದು

1928ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಎಂಬ ವಿಜ್ಞಾನಿ, ಬ್ಯಾಕ್ಟೀರಿಯ ಬೆಳೆಸಿದ ತಟ್ಟೆಯೊಂದರಲ್ಲಿ ಬೂಷ್ಟು ಬಿದ್ದುದನ್ನೂ ಬೂಷ್ಟಿನ ಸುತ್ತ ಬ್ಯಾಕ್ಟೀರಿಯ ಕರಗಿಹೋದುದನ್ನೂ ಕಂಡರು. ಪೆನಿಸಿಲಿಯಮ್ ಎಂಬ ಆ ಬೂಷ್ಟಿನಿಂದ ಪೆನಿಸಿಲಿನ್ ಎಂಬ ಹೆಸರು ಬಂದಿತು. ಅದನ್ನು ಔಷಧಿಯಾಗಿ ಶುದ್ಧಗೊಳಿಸಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು.

1941ರ ಫೆಬ್ರವರಿಯಲ್ಲಿ ಅವರು ಈ ಮದ್ದನ್ನು ಮೊದಲು ಕೊಟ್ಟುದು ಮೈಯೆಲ್ಲ ಕೀವಾಗಿ ಸಾವಿನ ದವಡೆಯಲ್ಲಿದ್ದ ಒಬ್ಬ ಪೋಲೀಸಿನವನಿಗೆ. ಒಂದೆರಡು ದಿನಗಳಲ್ಲೇ ಜ್ವರ ಇಳಿಯಿತು, ಆತ ಊಟ ಮಾಡತೊಡಗಿದ. ಆದರೆ ಮದ್ದು ಅತ್ಯಲ್ಪವಿತ್ತು. ಅವನ ಮೂತ್ರದಿಂದಲೂ ಪೆನಿಸಿಲಿನ್ ಮರಳಿ ತೆಗೆದು ಕೊಟ್ಟರು. ಐದು ದಿನಕ್ಕೆ ಎಲ್ಲ ಮುಗಿಯಿತು. ಉಳಿದಿದ್ದ ರೋಗಾಣುಗಳು ಮತ್ತೆ ತಲೆಯೆತ್ತಿದವು. ಮಾರ್ಚಿಯಲ್ಲಿ ಆತ ತೀರಿಕೊಂಡ. ಮದ್ದು ಸರಿಯಾದುದಾಗಿದ್ದರಷ್ಟೇ ಸಾಲದು, ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ದಿನ ದೊರೆಯಬೇಕು ಎಂಬ ಪಾಠವನ್ನು ಮೊಟ್ಟಮೊದಲ ರೋಗಿಯೇ ಪ್ರಾಣ ಕೊಟ್ಟು ಕಲಿಸಿಹೋದ.

ಮುಂದಿನ ಕಥೆ ಮಣ್ಣಿನದು. ಮೊದಲ ಮಳೆ ಬಿದ್ದಾಗ ಮಣ್ಣು ಘಮ್ಮೆನ್ನುತ್ತದೆಯಲ್ಲವೇ? ಆ ವಾಸನೆಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯ. ಅಮೆರಿಕದಲ್ಲಿ ಮಣ್ಣಿನ ಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ 1943ರಲ್ಲಿ ಇದೇ ಕುಲದ ಒಂದು ಜೀವಿಯಿಂದ ಸ್ಟ್ರೆಪ್ಟೊಮೈಸಿನ್ ತೆಗೆದರು. ಕ್ಷಯರೋಗಕ್ಕೆ ದೊರೆತ ಮೊದಲ ಪರಿಣಾಮಕಾರಿ ಮದ್ದು ಅದು. ಟೆಟ್ರಾಸೈಕ್ಲಿನ್ ವರ್ಗದ ಮೊದಲ ಔಷಧಿಯಾದ ಆರಿಯೊಮೈಸಿನ್ 1948ರಲ್ಲಿ ಬಂದಿತು. ಅದನ್ನು ಮಣ್ಣಿನಿಂದ ಹುಡುಕಿದ ಬೆಂಜಮಿನ್ ಡಗ್ಗರ್ ಸಸ್ಯಶಾಸ್ತ್ರಜ್ಞ. ಆ ಸಂಶೋಧನ ವಿಭಾಗದ ಮುಖ್ಯಸ್ಥರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ನಮ್ಮ ನಿಪ್ಪಾಣಿಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಪುಣೆ ದಾಟಿ ಪಿಂಪ್ರಿ ಸಿಗುತ್ತದೆ. 1954ರಲ್ಲಿ ಕೇಂದ್ರ ಸರಕಾರ ಅಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು; ಪೆನಿಸಿಲಿನ್ ನಮ್ಮ ದೇಶದಲ್ಲೇ ತಯಾರಾಗತೊಡಗಿತು. ಅಲ್ಲಿ ಸಂಶೋಧನೆಯ ಮುಂದಾಳಾಗಿದ್ದವರು ಮೈಸೂರು ಸೀಮೆಯ ಎಂ. ಜೆ. ತಿರುಮಲಾಚಾರ್. ಅವರೂ ಮೂಲತಃ ಸಸ್ಯರೋಗ ಶಾಸ್ತ್ರಜ್ಞರು. 1960ರ ದಶಕದಲ್ಲಿ ಅವರ ತಂಡ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧಿಯನ್ನು ಕಂಡುಹಿಡಿಯಿತು. ಅದನ್ನು ಕೊಟ್ಟ ಮಣ್ಣಿನ ಜೀವಿಗೆ ಪಿಂಪ್ರಿಯ ನೆನಪಿಗಾಗಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂದೇ ಹೆಸರಿಟ್ಟರು. ಹೀಗೆ ಮನುಷ್ಯನ ಮದ್ದಿನ ಚರಿತ್ರೆಯಲ್ಲಿ ಮಣ್ಣು ಬಲ್ಲವರ, ಗಿಡ ಬಲ್ಲವರ ಪಾಲು ಬಹಳ ದೊಡ್ಡದು.

3. ರೋಗಾಣುವಿನ ಮನೆ, ಮದ್ದಿನ ಐದು ದಾರಿ

ಬ್ಯಾಕ್ಟೀರಿಯವನ್ನು ಒಂದು ಮನೆಯೆಂದು ತಿಳಿಯಿರಿ. ಹೊರಗೆ ಗೋಡೆ. ಗೋಡೆಯ ಒಳಗೆ ತೆಳುವಾದ ಪೊರೆ. ನಡುವೆ ಅಡಿಗೆಮನೆ, ಅಂದರೆ ಸಸಾರಜನಕ ತಯಾರಾಗುವ ಸ್ಥಳ. ಇದಕ್ಕೆ ರೈಬೊಸೋಮ್ ಎನ್ನುತ್ತಾರೆ. ಮನೆಯ ಕಾಗದಪತ್ರವೆಲ್ಲ ಡಿಎನ್‌ಎಯಲ್ಲಿದೆ. ಕೊನೆಗೆ ಉಗ್ರಾಣ. ಆಂಟಿಬಯಾಟಿಕ್ಕುಗಳ ಒಂದೊಂದು ವರ್ಗವೂ ಈ ಮನೆಯ ಒಂದೊಂದು ಜಾಗವನ್ನು ಹಿಡಿಯುತ್ತದೆ. ನಮ್ಮ ದೇಹದ ಜೀವಕೋಶದಲ್ಲಿ ಆ ಜಾಗ ಇಲ್ಲದಿರುವುದರಿಂದ, ಇಲ್ಲವೇ ಬೇರೆ ರೀತಿ ಇರುವುದರಿಂದ, ಮದ್ದು ರೋಗಾಣುವನ್ನು ಕೊಂದು ರೋಗಿಯನ್ನು ಉಳಿಸುತ್ತದೆ.

ಮೊದಲನೆಯ ದಾರಿ, ಗೋಡೆ. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಮತ್ತು ಹೆಸರಿನಲ್ಲಿ ‘ಸೆಫ್’ ಎಂದು ಬರುವ ಸೆಫಲೊಸ್ಪೊರಿನ್‌ಗಳು ಈ ವರ್ಗಕ್ಕೆ ಸೇರಿದವು. ಬ್ಯಾಕ್ಟೀರಿಯ ಬೆಳೆದು ಎರಡಾಗುವಾಗ ಹೊಸ ಗೋಡೆ ಕಟ್ಟಬೇಕು. ಈ ಮದ್ದು ಆ ಗೋಡೆಯ ಕಲ್ಲುಗಳು ಒಂದಕ್ಕೊಂದು ಕಚ್ಚದಂತೆ ತಡೆಯುತ್ತದೆ. ಒಳಗಿನ ಒತ್ತಡಕ್ಕೆ ರೋಗಾಣು ಬಿರಿದುಹೋಗುತ್ತದೆ. ಮನುಷ್ಯನ ಜೀವಕೋಶಕ್ಕೆ ಇಂಥ ಗೋಡೆಯಿಲ್ಲವಾದ್ದರಿಂದ ಸಾಮಾನ್ಯವಾಗಿ ಅಪಾಯ ಕಡಿಮೆ. ಆದರೆ ಕೆಲವರಿಗೆ ಪೆನಿಸಿಲಿನ್ ಒಗ್ಗದೆ ಪ್ರಾಣಾಂತಿಕವಾಗುವುದುಂಟು. ಗಂಟಲಿನ ಕೀವು, ಕೆಲವು ಬಗೆಯ ನ್ಯುಮೋನಿಯ, ಇಲಿ ಜ್ವರ ಮುಂತಾದವುಗಳಲ್ಲಿ ಈ ವರ್ಗ ಉಪಯುಕ್ತ.

ಎರಡನೆಯ ದಾರಿ, ಅಡಿಗೆಮನೆ. ಇಲ್ಲಿಗೆ ನುಗ್ಗುವ ವರ್ಗಗಳು ಹಲವು. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಇವು ಅಡಿಗೆಯ ಚೀಟಿಯನ್ನು ತಪ್ಪಾಗಿ ಓದಿಸುತ್ತವೆ. ಉಪ್ಪಿನ ಬದಲು ಸುಣ್ಣ ಬಿದ್ದಂತೆ ರೋಗಾಣುವಿನ ಸಸಾರಜನಕವೆಲ್ಲ ಕೆಡುತ್ತದೆ. ಇವು ಬಹುಮಟ್ಟಿಗೆ ಸೂಜಿಮದ್ದುಗಳು. ಮೂತ್ರಪಿಂಡಕ್ಕೂ ಕಿವಿಗೂ ಹಾನಿ ಮಾಡಬಲ್ಲವಾದ್ದರಿಂದ ವೈದ್ಯರ ಕಣ್ಣಳತೆಯಲ್ಲೇ ಕೊಡಬೇಕು. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಇವು ಅಡಿಗೆಗೆ ಬೇಕಾದ ಸಾಮಾನು ಒಲೆಯ ಬಳಿ ಬಾರದಂತೆ ಬಾಗಿಲು ಅಡ್ಡಗಟ್ಟುತ್ತವೆ. ಡಾಕ್ಸಿಸೈಕ್ಲಿನ್ ನಮ್ಮ ಜೀವಕೋಶದ ಒಳಗೂ ಚೆನ್ನಾಗಿ ಇಳಿಯುತ್ತದೆ. ಆದ್ದರಿಂದ ಕೋಶದೊಳಗೆ ಅಡಗುವ ರೋಗಾಣುಗಳಿಗೆ ಇದು ತಕ್ಕ ಮದ್ದು. ಟೆಟ್ರಾಸೈಕ್ಲಿನ್ ಹಾಲಿನ ಸುಣ್ಣಾಂಶಕ್ಕೆ ಅಂಟಿಕೊಂಡು ವ್ಯರ್ಥವಾಗುವುದರಿಂದ ಹಾಲಿನೊಡನೆ ನುಂಗಬಾರದು. ಡಾಕ್ಸಿಸೈಕ್ಲಿನ್ ನುಂಗುವಾಗ ತುಂಬಿದ ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಮಲಗದೆ ಕುಳಿತಿರಬೇಕು. ಇಲ್ಲದಿದ್ದರೆ ಅನ್ನನಾಳದಲ್ಲಿ ಹುಣ್ಣಾಗುತ್ತದೆ. ಈ ವರ್ಗ ಎಳೆಯ ಮಕ್ಕಳ ಹಲ್ಲಿಗೆ ಬಣ್ಣ ಕಟ್ಟಿಸಬಲ್ಲದು. ಆದುದರಿಂದ ಮಕ್ಕಳಿಗೂ ಬಸುರಿಯರಿಗೂ ವೈದ್ಯರು ತೂಗಿ ನೋಡಿಯೇ ಕೊಡುತ್ತಾರೆ. ಎರಿಥ್ರೊಮೈಸಿನ್, ಅಜಿಥ್ರೊಮೈಸಿನ್ ಎಂಬವೂ ಅಡಿಗೆಮನೆಯ ಶತ್ರುಗಳೇ. ಬೆಂದ ಅಡಿಗೆ ಹೊರಬರುವ ದಾರಿಗೆ ಇವು ಬೆಣೆ ಹೊಡೆಯುತ್ತವೆ. ಟೈಫಾಯಿಡಿಗೆ 1948ರಲ್ಲಿ ಮೊದಲ ಆಸರೆಯಾದ ಕ್ಲೊರಾಂಫೆನಿಕಾಲ್ ಕೂಡ ಇದೇ ಜಾಗದಲ್ಲಿ ಕೆಲಸ ಮಾಡುತ್ತದೆ. ಆದರೆ ಅದು ಅಪರೂಪಕ್ಕೆ ಎಲುಬಿನ ಮಜ್ಜೆಯನ್ನೇ ಒಣಗಿಸಿ ರಕ್ತ ಹುಟ್ಟದಂತೆ ಮಾಡಬಲ್ಲದು.

ಮೂರನೆಯ ದಾರಿ, ಕಾಗದಪತ್ರ. ಸಿಪ್ರೊಫ್ಲಾಕ್ಸಾಸಿನ್, ನಾರ್‌ಫ್ಲಾಕ್ಸಾಸಿನ್ ಮುಂತಾದವು ಡಿಎನ್‌ಎಯ ಸುರುಳಿಯನ್ನು ಬಿಚ್ಚಿ ಸುತ್ತುವ ಕೆಲಸವನ್ನು ಕೆಡಿಸುತ್ತವೆ. ರಿಫಾಂಪಿಸಿನ್ ಎಂಬುದು ಆ ಕಾಗದದ ನಕಲು ತೆಗೆಯುವುದನ್ನೇ ನಿಲ್ಲಿಸುತ್ತದೆ. ಕ್ಷಯ ಮತ್ತು ಕುಷ್ಠರೋಗಗಳಿಗೆ ಇದು ಮುಖ್ಯ ಮದ್ದು. ಇದನ್ನು ತೆಗೆದುಕೊಂಡಾಗ ಮೂತ್ರ ಕೇಸರಿಗೆಂಪಾಗುತ್ತದೆ, ಹೆದರಬೇಕಾದ್ದಿಲ್ಲ. ಮೆಟ್ರೊನಿಡಜೋಲ್ ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯದೊಳಗೆ ಹೊಕ್ಕ ಮೇಲೆ ವಿಷವಾಗಿ ಬದಲಾಗಿ ಡಿಎನ್‌ಎಯನ್ನು ತುಂಡರಿಸುತ್ತದೆ. ಆಮಶಂಕೆಯ ಅಮೀಬಕ್ಕೂ ಅದೇ ಮದ್ದು.

ನಾಲ್ಕನೆಯ ದಾರಿ, ಉಗ್ರಾಣ. ಪೆನಿಸಿಲಿನ್ ಬಳಕೆಗೆ ಬರುವ ಮೊದಲೇ, 1935ರಲ್ಲಿ, ಜರ್ಮನಿಯ ಡೊಮಾಕ್ ಲೋಕಕ್ಕೆ ತಿಳಿಸಿದ ಸಲ್ಫಾ ಮದ್ದುಗಳು ಈ ವರ್ಗದವು. ಫೋಲಿಕ್ ಆಮ್ಲ ಎಂಬ ಜೀವಸತ್ವವನ್ನು ನಾವು ಸೊಪ್ಪು, ಕಾಳುಗಳಿಂದ ಪಡೆಯುತ್ತೇವೆ. ಬಹಳಷ್ಟು ಬ್ಯಾಕ್ಟೀರಿಯಗಳು ಅದನ್ನು ತಾವೇ ತಯಾರಿಸಿಕೊಳ್ಳಬೇಕು. ಸಲ್ಫಾ ಆ ತಯಾರಿಕೆಯನ್ನು ನಿಲ್ಲಿಸುತ್ತದೆ. ರೋಗಾಣು ಉಪವಾಸ ಬೀಳುತ್ತದೆ, ನಾವು ಉಣ್ಣುತ್ತಲೇ ಇರುತ್ತೇವೆ. ಇಂದಿನ ಕೊಟ್ರಿಮೊಕ್ಸಜೋಲ್ ಈ ಕುಲದ್ದು.

ಐದನೆಯ ದಾರಿ, ಒಳಪೊರೆ. ಕೊಲಿಸ್ಟಿನ್ ಎಂಬ ಮದ್ದು ಪೊರೆಯನ್ನೇ ಹರಿದು ಒಳಗಿನದೆಲ್ಲ ಸೋರಿಹೋಗುವಂತೆ ಮಾಡುತ್ತದೆ. ಬೇರೆ ಯಾವುದಕ್ಕೂ ಜಗ್ಗದ ರೋಗಾಣುಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಕೊನೆಯ ಆಯುಧವಾಗಿ ಇದನ್ನು ಇಟ್ಟುಕೊಂಡಿದ್ದಾರೆ. ಕೋಳಿಯ ಮೇವಿನಲ್ಲಿ ಇದನ್ನು ಬೆರೆಸುವ ರೂಢಿ ಇದ್ದುದರಿಂದ, 2019ರಲ್ಲಿ ಭಾರತ ಸರಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಇದರ ಬಳಕೆಯನ್ನು ನಿಷೇಧಿಸಿತು.

4. ತೋಟದ ಮೂರು ಜ್ವರಗಳು

ಈಗ ಈ ತಿಳಿವಳಿಕೆಯನ್ನು ಹಿಡಿದು ತೋಟಕ್ಕೆ ಮರಳೋಣ. ನಿಮ್ಮ ಕಡೆ ಮೂರು ಜ್ವರಗಳು ಆರಂಭದಲ್ಲಿ ಒಂದೇ ತೆರನಾಗಿ ಕಾಣುತ್ತವೆ: ಚಳಿ, ಜ್ವರ, ತಲೆನೋವು, ಮೈಕೈ ನೋವು.

ಒಂದು, ಇಲಿ ಜ್ವರ. ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯ ಇಲಿ, ಹೆಗ್ಗಣ, ದನಗಳ ಮೂತ್ರದಲ್ಲಿ ಹೊರಬಂದು, ಬಸಿಗಾಲುವೆಯ ನೀರಿನಲ್ಲೂ ಕೆಸರಿನಲ್ಲೂ ಇರುತ್ತದೆ. ಕಾಲಿನ ಗಾಯ, ಬಿರುಕುಗಳ ಮೂಲಕ ಒಳಸೇರುತ್ತದೆ. ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವುದು, ಕೆಲವರಲ್ಲಿ ಕಾಮಾಲೆ, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣ. ಈ ರೋಗಾಣುವಿಗೆ ಗೋಡೆಯುಂಟು, ಅಡಿಗೆಮನೆಯೂ ಉಂಟು. ಆದ್ದರಿಂದ ಪೆನಿಸಿಲಿನ್ ವರ್ಗವೂ ತಾಗುತ್ತದೆ, ಡಾಕ್ಸಿಸೈಕ್ಲಿನ್ನೂ ತಾಗುತ್ತದೆ. ರೋಗ ಬಲಿತವರಿಗೆ ಆಸ್ಪತ್ರೆಯ ಸೂಜಿಮದ್ದೇ ಗತಿ. ಮಹಾಪೂರದ ನಂತರ ನಮ್ಮ ನದಿದಂಡೆಯ ಊರುಗಳಿಗೂ ಇದೇ ಅಂಜಿಕೆ.

ಎರಡು, ಭಾವನವರಿಗೆ ಬಂದ ಸ್ಕ್ರಬ್ ಟೈಫಸ್. ಪೊದೆ, ಹುಲ್ಲು ಬೆಳೆದ ಕಡೆಯ ಒಂದು ಜಾತಿಯ ನುಸಿಯ ಮರಿ ಕಚ್ಚುವುದರಿಂದ ಒರಿಯೆಂಶಿಯಾ ಎಂಬ ಬ್ಯಾಕ್ಟೀರಿಯ ಮೈಸೇರುತ್ತದೆ. ಕಚ್ಚಿದ ಹತ್ತು ದಿನಗಳ ಸುಮಾರಿಗೆ ಜ್ವರ. ಅದಕ್ಕೇ ತೋಟದಲ್ಲಿ ಕಚ್ಚಿಸಿಕೊಂಡ ಭಾವನವರಿಗೆ ಸದಲಗಾದಲ್ಲಿ ಜ್ವರ ಬಂದದ್ದು. ಈ ರೋಗಾಣುವಿಗೆ ಹೇಳಿಕೊಳ್ಳುವಂಥ ಗೋಡೆಯಿಲ್ಲ. ಮೇಲಾಗಿ ಅದು ನಮ್ಮ ಜೀವಕೋಶದೊಳಗೇ ವಾಸಿಸುತ್ತದೆ. ಅಮಾಕ್ಸಿಸಿಲಿನ್ ಮೊದಲಾದ ಗೋಡೆಯ ಮದ್ದುಗಳು ಇಲ್ಲಿ ನಿಷ್ಪ್ರಯೋಜಕ. ಅಡಿಗೆಮನೆಗೆ ಹೋಗುವ ಡಾಕ್ಸಿಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್ ಬೇಕು. ತಕ್ಕ ಮದ್ದು ಬಿದ್ದರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳು ಕೆಟ್ಟು ಸಾವೂ ಬರಬಹುದು. ಕಪ್ಪು ಹಕ್ಕಳೆ ಎಲ್ಲರಲ್ಲೂ ಕಾಣುವುದಿಲ್ಲ. ಅದು ಇಲ್ಲವೆಂದ ಮಾತ್ರಕ್ಕೆ ಈ ರೋಗವಲ್ಲ ಎನ್ನುವಂತಿಲ್ಲ.

ಮೂರು, ಮಂಗನ ಕಾಯಿಲೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಈ ರೋಗ ಉಣುಗು ಕಚ್ಚಿ ಬರುತ್ತದೆ. ಚಳಿಗಾಲದಿಂದ ಬೇಸಗೆಯವರೆಗೆ ಇದರ ಕಾಲ. ಇದು ವೈರಸ್. ಗೋಡೆಯ ಮದ್ದೂ ತಾಗದು, ಅಡಿಗೆಮನೆಯ ಮದ್ದೂ ತಾಗದು. ಬೇಗನೆ ಆಸ್ಪತ್ರೆ ಸೇರಿ, ದೇಹದ ನೀರು, ರಕ್ತಸ್ರಾವ ಇವುಗಳನ್ನು ಸಂಭಾಳಿಸಿಕೊಂಡು ರೋಗಿಯನ್ನು ಕಾಪಾಡಬೇಕು. ಗುಳಿಗೆ ನುಂಗಿಸುತ್ತ ಮನೆಯಲ್ಲಿ ಕಳೆದ ದಿನವೆಲ್ಲ ನಷ್ಟವೇ.

ಹೊರಗಿನಿಂದ ಒಂದೇ ಜ್ವರ, ಒಳಗೆ ಮೂರು ಬೇರೆ ಕಾರಣ. ಹಳದಿ ಎಲೆ ರೋಗದಲ್ಲೂ ಇದೇ ತರ್ಕವಿದೆ. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯಂಥ ಗಿಡಗಳ ಇಂಥ ರೋಗಗಳು ವೈರಸ್ಸಿನವಲ್ಲ, ಗೋಡೆಯಿಲ್ಲದ ಸೂಕ್ಷ್ಮಜೀವಿಯವು ಎಂದು ತೋರಿಸಿದಾಗ, ಟೆಟ್ರಾಸೈಕ್ಲಿನ್ನಿಗೆ ರೋಗಲಕ್ಷಣ ಇಳಿದದ್ದೂ ಒಂದು ಸಾಕ್ಷಿಯಾಗಿತ್ತು. ಪೆನಿಸಿಲಿನ್ ಇಂಥವುಗಳಿಗೆ ತಾಗುವುದಿಲ್ಲ. ಆದರೆ ಟೆಟ್ರಾಸೈಕ್ಲಿನ್ ಹಳದಿ ರೋಗವನ್ನು ವಾಸಿ ಮಾಡಲಾರದು. ಕೊಡುವುದನ್ನು ನಿಲ್ಲಿಸಿದೊಡನೆ ಲಕ್ಷಣ ಮರಳುತ್ತದೆ. ಆ ಆಸೆಯಿಂದ ಮರಕ್ಕೆ ಮದ್ದು ಚುಚ್ಚುತ್ತ ಹಣ ಕಳೆಯಬೇಡಿರಿ.

5. ಮದ್ದಿಗೆ ಜಗ್ಗದ ತಳಿ

ಕೋಟಿಗಟ್ಟಲೆ ರೋಗಾಣುಗಳಲ್ಲಿ ಒಂದೆರಡು, ಹುಟ್ಟಿನ ಆಕಸ್ಮಿಕದಿಂದ, ಮದ್ದನ್ನು ತಡೆದುಕೊಳ್ಳುವಂಥವಿರುತ್ತವೆ. ಕೆಲವು ಪೆನಿಸಿಲಿನ್ನನ್ನು ಕತ್ತರಿಸುವ ಕಿಣ್ವ ತಯಾರಿಸುತ್ತವೆ, ಕೆಲವು ಒಳಬಂದ ಮದ್ದನ್ನು ಹೊರಗೆ ಎತ್ತಿಹಾಕುತ್ತವೆ, ಕೆಲವು ಮದ್ದು ಹಿಡಿಯುವ ಜಾಗದ ಆಕಾರವನ್ನೇ ಬದಲಿಸಿಕೊಂಡಿರುತ್ತವೆ. ಬೇಕಿಲ್ಲದಾಗ ಮದ್ದು ನುಂಗಿದರೆ, ಇಲ್ಲವೇ ಕಡಿಮೆ ಪ್ರಮಾಣದಲ್ಲಿ ನುಂಗಿದರೆ, ಮೆದುವಾದವು ಸತ್ತು ಗಟ್ಟಿಯಾದವು ಉಳಿಯುತ್ತವೆ. ಕಳೆಗೆ ಅರೆಬರೆ ಮದ್ದು ಹೊಡೆದು ಗಟ್ಟಿ ಕಳೆಯನ್ನೇ ಬಿತ್ತಿಕೊಂಡಂತೆ. ಇನ್ನೂ ಕೆಟ್ಟದ್ದೆಂದರೆ, ಬ್ಯಾಕ್ಟೀರಿಯಗಳು ಈ ವಿದ್ಯೆಯನ್ನು ಒಂದರಿಂದ ಒಂದಕ್ಕೆ ದಾಟಿಸಬಲ್ಲವು. 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸುವಾಗಲೇ ಫ್ಲೆಮಿಂಗ್ ಈ ಅಪಾಯವನ್ನು ಹೇಳಿ ಎಚ್ಚರಿಸಿದ್ದರು.

ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ ಪ್ರಯೋಗದ ವರದಿ 1948ರಲ್ಲಿ ಬಂದಿತು. ಮೊದಲು ಗುಣ ಕಂಡಿತು, ಬಳಿಕ ಬಹಳ ಜನರಲ್ಲಿ ರೋಗಾಣು ಮದ್ದಿಗೆ ಜಗ್ಗದಾಯಿತು. ಇಂದು ಕ್ಷಯಕ್ಕೆ ಒಟ್ಟಿಗೆ ಹಲವು ಮದ್ದುಗಳನ್ನು ತಿಂಗಳುಗಟ್ಟಲೆ ಕೊಡುವುದು ಅದಕ್ಕಾಗಿಯೇ. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಕ್ಕಿಬೀಳಲಿ ಎಂದು. ಟೈಫಾಯಿಡಿಗೆ ಒಂದು ಕಾಲಕ್ಕೆ ಸಿಪ್ರೊಫ್ಲಾಕ್ಸಾಸಿನ್ ರಾಮಬಾಣವಾಗಿತ್ತು. ಇಂದು ನಮ್ಮ ದೇಶದ ಟೈಫಾಯಿಡ್ ರೋಗಾಣುಗಳಲ್ಲಿ ಬಹುಪಾಲು ಅದಕ್ಕೆ ಬಗ್ಗುವುದಿಲ್ಲ. 2014ರಿಂದ ಕೆಲವು ಮುಖ್ಯ ಆಂಟಿಬಯಾಟಿಕ್ಕುಗಳನ್ನು ಎಚ್-1 ಎಂಬ ಪಟ್ಟಿಗೆ ಸೇರಿಸಿ, ಅಂಗಡಿಯವರು ವೈದ್ಯರ ಚೀಟಿ ನೋಡಿ, ದಾಖಲೆ ಬರೆದೇ ಮಾರಬೇಕೆಂದು ಕಾನೂನು ಮಾಡಿರುವುದು ಈ ಕಾರಣದಿಂದಲೇ.

ಕೊಟ್ಟಿಗೆಯ ಸಂಗತಿಯೂ ಉಂಟು. ಹಸು, ಎಮ್ಮೆಗೆ ಕೆಚ್ಚಲು ಬಾವು ಬಂದು ಮದ್ದು ಚುಚ್ಚಿಸಿದರೆ, ಆ ಮದ್ದು ಹಾಲಿನಲ್ಲಿ ಇಳಿಯುತ್ತದೆ. ಪಶುವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಮನೆಗೂ ಬಳಸಬಾರದು, ಡೇರಿಗೂ ಹಾಕಬಾರದು. ಕಂದು ಹಾಕಿದ ದನದ ಮಾಸು ಬರಿಗೈಯಲ್ಲಿ ಮುಟ್ಟುವುದರಿಂದ, ಹಸಿ ಹಾಲು ಕುಡಿಯುವುದರಿಂದ ಬ್ರೂಸೆಲ್ಲಾ ಜ್ವರ ಬರಬಹುದು. ಅದಕ್ಕೆ ಎರಡು ವರ್ಗದ ಮದ್ದು ವಾರಗಟ್ಟಲೆ ಬೇಕು. ಕೈಗವಸು ಹಾಕುವುದು, ಹಾಲು ಕಾಯಿಸುವುದು ಎಷ್ಟೋ ಅಗ್ಗ.

ತೋಟದಲ್ಲಿಯೂ ಅಷ್ಟೆ. ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಬೆರೆಸಿದ ಪುಡಿಯನ್ನು ಬೆಳೆಗಳಿಗೆ ಸಿಂಪಡಿಸುವ ರೂಢಿ ಬಹುಕಾಲದಿಂದ ಇತ್ತು. ಮನುಷ್ಯನ ಮದ್ದು ಹೀಗೆ ಮಣ್ಣು ಸೇರಬಾರದೆಂದು ಕೇಂದ್ರ ಕೃಷಿ ಮಂತ್ರಾಲಯ 2021ರ ಡಿಸೆಂಬರಿನಲ್ಲಿ ಅದನ್ನು ನಿಷೇಧಿಸುವ ಕರಡು ಆಜ್ಞೆ ಹೊರಡಿಸಿತು. ಕೊಳೆರೋಗಕ್ಕೋ ಎಲೆಚುಕ್ಕೆಗೋ ಈ ಪುಡಿ ಸಿಂಪಡಿಸುವುದಂತೂ, ನಾವು ಭಾವನವರಿಗೆ ಅಮಾಕ್ಸಿಸಿಲಿನ್ ಕೊಟ್ಟಷ್ಟೇ ಬುದ್ಧಿವಂತಿಕೆಯ ಕೆಲಸ.

6. ನೆನಪಿಡಬೇಕಾದ ಮಾತುಗಳು

ಜ್ವರ ಬಂದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು: ನಾವು ತೋಟದವರು, ಇಂಥ ದಿನ ಕೆಸರಿನಲ್ಲಿ, ಪೊದೆಯಲ್ಲಿ, ಕಾಡಂಚಿನಲ್ಲಿ ಕೆಲಸ ಮಾಡಿದ್ದೇವೆ, ಹತ್ತಿರ ಮಂಗ ಸತ್ತಿದೆ ಅಥವಾ ಇಲ್ಲ.

ಡಬ್ಬಿಯಲ್ಲಿ ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿರಿ, ಉಳಿಯುವಂತೆಯೂ ಮಾಡಬೇಡಿರಿ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿರಿ. ಜ್ವರ ಇಳಿಯಿತೆಂದು ತಾವಾಗಿ ನಿಲ್ಲಿಸಬಾರದು.

ಹಿಂದೆ ಯಾವ ಮದ್ದು ಒಗ್ಗಲಿಲ್ಲವೆಂಬುದನ್ನು ಬರೆದಿಟ್ಟುಕೊಳ್ಳಿರಿ. ಈಗಾಗಲೇ ಏನಾದರೂ ನುಂಗಿದ್ದರೆ ನಾಚದೆ ವೈದ್ಯರಿಗೆ ಹೇಳಿರಿ.

ಮದ್ದಿಗಿಂತ ಮುನ್ನೆಚ್ಚರಿಕೆ ಮೇಲು: ಕೆಸರಿಗೆ ಇಳಿಯುವಾಗ ಗಂಬೂಟು, ಕಾಲಿನ ಗಾಯಕ್ಕೆ ಪಟ್ಟಿ, ತೋಟದಿಂದ ಬಂದೊಡನೆ ಸ್ನಾನ, ಬಟ್ಟೆ ಬದಲಾವಣೆ.

7. ಓದಿದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಪ್ರಶ್ನೆ: ಅಮಾಕ್ಸಿಸಿಲಿನ್ ಸ್ಕ್ರಬ್ ಟೈಫಸ್ಸಿಗೆ ಏಕೆ ತಾಗದು?
ಉತ್ತರ: ಅದು ಗೋಡೆಯ ಮದ್ದು, ಆ ರೋಗಾಣುವಿಗೆ ಹೇಳಿಕೊಳ್ಳುವ ಗೋಡೆಯಿಲ್ಲ, ಮತ್ತು ಅದು ಜೀವಕೋಶದೊಳಗೆ ಅಡಗಿರುತ್ತದೆ.

ಪ್ರಶ್ನೆ: ಇಲಿ ಜ್ವರಕ್ಕೆ ಎರಡು ವರ್ಗದ ಮದ್ದುಗಳೂ ಏಕೆ ತಾಗುತ್ತವೆ?
ಉತ್ತರ: ಅದಕ್ಕೆ ಗೋಡೆಯೂ ಉಂಟು, ಅಡಿಗೆಮನೆಯೂ ಉಂಟು.

ಪ್ರಶ್ನೆ: ಸಲ್ಫಾ ಮದ್ದು ರೋಗಾಣುವನ್ನು ಉಪವಾಸ ಕೆಡವಿದರೂ ನಮ್ಮನ್ನೇಕೆ ಕೆಡವುವುದಿಲ್ಲ?
ಉತ್ತರ: ಫೋಲಿಕ್ ಆಮ್ಲವನ್ನು ನಾವು ಊಟದಿಂದ ಪಡೆಯುತ್ತೇವೆ.

ಪ್ರಶ್ನೆ: ಮಂಗನ ಕಾಯಿಲೆಗೆ ಯಾವ ಆಂಟಿಬಯಾಟಿಕ್ ಉತ್ತಮ?
ಉತ್ತರ: ಯಾವುದೂ ಅಲ್ಲ. ಅದು ವೈರಸ್. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಭಾವನವರು ಈಗ ಗಟ್ಟಿಯಾಗಿದ್ದಾರೆ. ದಿನವೂ ಸಂಜೆ ತೋಟದಿಂದ ಬಂದು ಬಚ್ಚಲಿಗೆ ಹೋದಾಗ ಕಂಕುಳು, ಸೊಂಟ ನೋಡಿಕೊಳ್ಳುವ ರೂಢಿ ಮಾಡಿಕೊಂಡಿದ್ದಾರೆ. ಆಳುಮಕ್ಕಳಿಗೂ ಹಾಗೇ ಹೇಳುತ್ತಾರೆ. ನಮ್ಮ ಅಕ್ಕ ಮಾತ್ರ ತವರಿಗೆ ಬಂದಾಗಲೆಲ್ಲ ಆ ಔಷಧಿಯ ಡಬ್ಬಿಯನ್ನು ಒಮ್ಮೆ ತೆರೆದು ನೋಡಿಯೇ ಕುಳಿತುಕೊಳ್ಳುವುದು. ಅದರಲ್ಲಿ ಈಗ ಸೂಜಿದಾರ ಇಟ್ಟಿದ್ದೇವೆ.